ಕುತ್ತಿಗೆವರೆಗಿನ ಬಿಸಿನೀರು

ಲೊಕ್ವಾ ಹಳ್ಳಿಯಲ್ಲಿ ಸ್ತೋಯಾಂಕಾಳ ಅಂಗೈಯ ಏಟು ತಿನ್ನದ ಗಂಡಸು ಒಬ್ಬನೂ ಇರಲಿಲ್ಲ. ಪಾದ್ರಿಗೇ ಎರಡು ಬಿದ್ದಿದ್ದವು. ಒಂದು ಮಾಡಿದ ತಪ್ಪಿಗೆ, ಇನ್ನೊಂದು ಕ್ಷಮೆ ಕೇಳಲು ತಡಮಾಡಿದ್ದಕ್ಕೆ. ಹದಿನಾರರ ಹರೆಯದಲ್ಲಿ ಅವಳು ಒಂದು ಗೂಳಿಯ ಕೆನ್ನೆಗೆ ಬಾರಿಸಿದ್ದಳು. ಆ ಗೂಳಿ ಅಂದಿನಿಂದ ಸಾಯುವ ತನಕ ಎಡಕ್ಕೇ ತಿರುಗಿ ನಡೆಯುತ್ತಿತ್ತು, ಅದನ್ನು ಬಲಗಡೆಯ ಗದ್ದೆಗೆ ಹೊಡೆದುಕೊಂಡು ಹೋಗಬೇಕಾದರೆ ಮೂರು ಸುತ್ತು ಹಾಕಿಸಬೇಕಾಗುತ್ತಿತ್ತು. ವಯಸ್ಸು ಅರವತ್ತೆರಡಾದರೂ ಆ ಕೈಯ ಕಾವು ಆರಿರಲಿಲ್ಲ.

ಇಂಥ ಹೆಂಗಸು ಭೂಮಿಯ ಮೇಲೆ ಹೆದರುತ್ತಿದ್ದದ್ದು ಒಂದೇ ಒಂದಕ್ಕೆ. ಅದು ಬಚ್ಚಲುಮನೆಯ ಗೋಡೆಯಲ್ಲಿ ನೇತಾಡುತ್ತಿದ್ದ ಎಂಬತ್ತು ಲೀಟರಿನ ಬಾಯ್ಲರು. ಅದರ ಸ್ವಿಚ್ಚು ಬಾಗಿಲ ಹೊರಗಡೆ ಇತ್ತು. ಒತ್ತಿದರೆ ಪಕ್ಕದಲ್ಲೊಂದು ಕೆಂಪು ದೀಪ ಕಣ್ಣು ಬಿಡುತ್ತಿತ್ತು. ನೀರು ಕಾದ ಮೇಲೆ ಸ್ವಿಚ್ಚು ಆರಿಸಿಯೇ ತೊಟ್ಟಿಗೆ ಇಳಿಯಬೇಕು, ಊರಿಗೆಲ್ಲ ಅದೇ ಕಟ್ಟುಪಾಡು. ಅವಳ ಗಂಡ ಲ್ಯೂಬಾ ಒಂದು ದಿನ ಅದನ್ನು ಮರೆತಿದ್ದ. ಕರೆಂಟು ಎತ್ತಿ ಎಸೆದ ರಭಸಕ್ಕೆ ಆತ ಕಿಟಕಿ ದಾಟಿ, ಕೋಳಿಗೂಡು ದಾಟಿ, ದಾರಿಯಲ್ಲಿ ಹೋಗುತ್ತಿದ್ದ ಹುಲ್ಲಿನ ಗಾಡಿಯ ಮೇಲೆ ಬಿದ್ದು, ಪಕ್ಕದೂರಿನ ಸಂತೆಯ ನಡುವೆ ಇಳಿದಿದ್ದ. ಮೈಮೇಲೆ ಸೋಪಿನ ನೊರೆ ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಏಳು ವರ್ಷ ಬದುಕಿದ. ಆದರೆ ಅವನು ಹತ್ತಿರ ಬಂದರೆ ಬೆಕ್ಕಿನ ರೋಮ ನೆಟ್ಟಗಾಗುತ್ತಿತ್ತು.

ಅವನ ಸಮಾಧಿಯ ಮೇಲೆ ಕೈಯಿಟ್ಟು ಸ್ತೋಯಾಂಕಾ ಆಣೆ ಮಾಡಿದ್ದಳು: ತನ್ನ ಮನೆಯಲ್ಲಿ ಆ ಕೆಂಪು ದೀಪ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಉರಿಯುವುದಿಲ್ಲ. ದೀಪ ಹೊತ್ತಿದ ಕ್ಷಣದಿಂದ ಗಡಿಯಾರದ ಮುಂದೆ ಕೂತು, ಇಪ್ಪತ್ತನೆಯ ನಿಮಿಷ ತುಂಬುತ್ತಿದ್ದಂತೆ ಟಕ್ಕೆಂದು ಆರಿಸುತ್ತಿದ್ದಳು. ಅವಳನ್ನು ನೋಡಿ ಚರ್ಚಿನವರು ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಆ ಇಪ್ಪತ್ತು ನಿಮಿಷಕ್ಕೆ ಬಾಯ್ಲರು ಕೊಡುತ್ತಿದ್ದದ್ದು ಮೊಣಕಾಲಿನವರೆಗೆ ಬರುವಷ್ಟು ಉಗುರುಬೆಚ್ಚನೆಯ ನೀರು. ಅದರ ಹೊಟ್ಟೆಯೊಳಗಿನ ಕಾಯಿಸುವ ಸುರುಳಿಗೆ ಕುಂಬಳಕಾಯಿ ಗಾತ್ರದ ಸುಣ್ಣ ಕಟ್ಟಿಕೊಂಡಿದ್ದು ಎಲ್ಲರಿಗೂ ಗೊತ್ತಿತ್ತು, ಬಿಚ್ಚಿ ಕೆರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಅಕ್ಟೋಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಸೊಸೆ ತಿಯಾನಾ ತಲೆತುಂಬ ಸೋಪು ಹಚ್ಚಿಕೊಂಡಿದ್ದಾಗ ಆ ಬೆಚ್ಚನೆಯ ನೀರು ಮುಗಿಯಿತು, ಬೆಟ್ಟದ ಮಂಜುನೀರು ಅವಳ ನೆತ್ತಿಯ ಮೇಲೆ ಸುರಿಯಿತು. ಅವಳು ಕಿರುಚಿದ್ದಕ್ಕೆ ಮೂರು ಮನೆಯ ಕಿಟಕಿಗಾಜು ಬಿರುಕುಬಿಟ್ಟವು. ಟವೆಲು ಸುತ್ತಿಕೊಂಡು, ಕಣ್ಣಿನಲ್ಲಿ ನೊರೆ ತುಂಬಿಕೊಂಡು ಹೊರಗೆ ಬಂದವಳೇ, ಕೈಯಲ್ಲಿದ್ದ ದಪ್ಪ ಚೊಂಬನ್ನು ಅತ್ತೆಯ ಹಣೆಗೆ ಬೀಸಿದಳು. ಗುರಿ ನೋಡುವ ಅಗತ್ಯವೇ ಇರಲಿಲ್ಲ. ಅತ್ತೆ ಗಡಿಯಾರದ ಕೆಳಗೆ ಕೂತೇ ಇರುತ್ತಾಳೆಂದು ಕುರುಡರೂ ಹೇಳಬಹುದಿತ್ತು.

ಚೊಂಬು ನೆಗ್ಗಿತು. ಸ್ತೋಯಾಂಕಾಳ ಹುಬ್ಬು ಒಡೆದು ನೆತ್ತರು ಮೂಗಿನವರೆಗೆ ಇಳಿಯಿತು. ಅವಳ ಬಲಗೈ ಮೇಲೆದ್ದಿತು. ಆ ಕೈ ಇಳಿದಿದ್ದರೆ ಲೊಕ್ವಾದಲ್ಲಿ ಅವತ್ತೇ ಒಂದು ಹೆಣ ಬೀಳುತ್ತಿತ್ತು. ಆದರೆ ತೊಟ್ಟಿಲಿನಲ್ಲಿದ್ದ ಏಳು ತಿಂಗಳ ನೆದಾ ಇದನ್ನೆಲ್ಲ ನೋಡಿ ಕಿಲಕಿಲ ನಕ್ಕಿತು. ಕೈ ದಿಕ್ಕು ಬದಲಿಸಿ ಬಚ್ಚಲಿನ ಬಾಗಿಲಿಗೆ ಬಿತ್ತು. ಓಕ್ ಮರದ ಬಾಗಿಲು, ಎರಡು ಹೋಳಾಯಿತು.

"ಒಂದು ಗಂಟೆ ಹಾಕಿ ಬಿಡಿ ಅಂದಿದ್ದೆ," ಎಂದಳು ತಿಯಾನಾ, ಹಲ್ಲು ಕಟಕಟಿಸುತ್ತ.

"ಇಪ್ಪತ್ತು ನಿಮಿಷ. ನಿನ್ನ ಮದುವೆ ದಿನಾನೇ ಹೇಳಿದ್ದೀನಿ. ನಾವೆಲ್ಲ ವಾರಕ್ಕೊಂದು ಸಲ ಮೀಯ್ತಿದ್ವಿ, ಯಾರೂ ಸತ್ತಿಲ್ಲ."

"ನೀವು ಸಾಯಲಿಲ್ಲ ಅತ್ತೆ. ಪಕ್ಕದಲ್ಲಿ ಕೂತೋರು ಸತ್ತಿರ್ತಾರೆ."

"ಸೋಪು ಮೊದಲು ಹಚ್ಕೊಂಡು ಆಮೇಲೆ ನಲ್ಲಿ ತಿರುಗಿಸಬೇಕು. ಪಟ್ಟಣದಲ್ಲಿ ಇದನ್ನೂ ಕಲಿಸಲ್ವಾ?"

"ಶನಿವಾರ ಅಮ್ಮ ಬರ್ತಾರೆ," ಎಂದಳು ತಿಯಾನಾ, ಈಗ ಮೆಲ್ಲಗೆ. ಮೆಲ್ಲಗೆ ಹೇಳಿದ್ದೇ ಚೊಂಬಿಗಿಂತ ಹೆಚ್ಚು ತಾಗಿತು. "ಅವರೆದುರಿಗೆ ಆ ತೊಟ್ಟಿ ತುಂಬ ಬಿಸಿನೀರು ಇರಬೇಕು. ಕೂತ್ರೆ ಕುತ್ತಿಗೆವರೆಗೆ ಬರಬೇಕು. ಇಲ್ಲ ಅಂದ್ರೆ ನೆದಾನ ಎತ್ಕೊಂಡು ಎರಡು ಗಂಟೆ ಬಸ್ಸಿಗೆ ಚಾಚಕ್‌ಗೆ, ಅಮ್ಮನ ಮನೆಗೆ ಹೋಗ್ತೀನಿ. ತಿರುಗಿ ಬರಲ್ಲ."

ಆ ಎರಡು ಗಂಟೆಯ ಬಸ್ಸನ್ನು ಓಡಿಸುವವನು ಅವಳ ಗಂಡ ಮಿಲೋಯೆ, ಸ್ತೋಯಾಂಕಾಳ ಒಬ್ಬನೇ ಮಗ. ಸುದ್ದಿ ಕೇಳಿ ಅವನು ಸೂಪಿನ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಹೆಂಡ್ತಿ ಬಿಟ್ಟು ಹೋಗೋಕೂ ನಾನೇ ಟಿಕೆಟ್ ಹರೀಬೇಕಾ?" ಎಂದಷ್ಟೇ ಕೇಳಿದ. ಆ ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇ.

ಸ್ತೋಯಾಂಕಾ ಹುಬ್ಬಿಗೆ ಬಟ್ಟೆ ಒತ್ತಿಕೊಂಡು ತೊಟ್ಟಿಲ ಪಕ್ಕ ಕೂತಳು. ನೆದಾ ಅಜ್ಜಿಯ ಮೂಗು ಹಿಡಿದು ಎಳೆಯಿತು, ಕೆನ್ನೆಗೊಂದು ಬಿಟ್ಟಿತು. ಸ್ತೋಯಾಂಕಾಳಿಗೆ ಹೊಡೆದು ತಿರುಗಿ ಏಟು ತಿನ್ನದೆ ಉಳಿದವಳು ಈ ಭೂಮಿಯಲ್ಲಿ ಆ ಕೂಸೊಂದೇ, ಈಗ ಅದರ ಅಮ್ಮನೂ ಸೇರಿದ್ದಳು. ಕೂಸು ಹೋದರೆ ಮನೆಯಲ್ಲಿ ಉಳಿಯುವುದು ತಾನು ಮತ್ತು ಗಡಿಯಾರ. ಆದರೆ ಗಂಡನ ಸಮಾಧಿಯ ಮೇಲಿನ ಆಣೆ ಮುರಿಯುವಂತಿರಲಿಲ್ಲ. ಅಡುಗೆಮನೆಯ ಒಲೆಯ ಮೇಲೆ ಕಾಯಿಸಿ ನೋಡಿದಳು. ಅರ್ಧ ತೊಟ್ಟಿಗೆ ಚಳಿಗಾಲದ ಸೌದೆಯ ಒಂದು ಸಾಲೇ ಖಾಲಿಯಾಯಿತು, ಕೊನೆಯ ಪಾತ್ರೆ ಸುರಿಯುವ ಹೊತ್ತಿಗೆ ಮೊದಲನೆಯದು ತಣ್ಣಗಾಗಿತ್ತು. ನೆತ್ತರು ನಿಂತರೂ ಅವಳ ಯೋಚನೆ ನಿಲ್ಲಲಿಲ್ಲ.

ಮಂಗಳವಾರ ಸ್ತೋಯಾಂಕಾಳ ಅಣ್ಣನೂ ತಮ್ಮನೂ ಬಂದರು.

ಅಪ್ಪ ಸಾಯುವಾಗ ರಾಕಿಯಾ ಎಂಬ ಹಣ್ಣಿನ ಸಾರಾಯಿ ಇಳಿಸುವ ಭಟ್ಟಿಯನ್ನು ಮೂರು ಪಾಲು ಮಾಡಿದ್ದ. ಹುದುಗಿಸಿದ ಪ್ಲಮ್ ಹಣ್ಣಿನ ಹುಳಿ ಕುದಿಸುವ ತಾಮ್ರದ ಹಂಡೆ ಹಿರಿಯ ರಾದೋಶನಿಗೆ. ಹಂಡೆಯ ಮುಚ್ಚಳ ಮತ್ತು ಹಬೆ ಹೋಗುವ ಕೊಳವೆ ಕಿರಿಯ ವಿತೋಮಿರ್‌ಗೆ. ಆ ಕೊಳವೆ ಹಾದುಹೋಗುವ ತಣ್ಣೀರಿನ ಮರದ ಪೀಪಾಯಿ ಮಗಳಿಗೆ. ಜಮೀನೆಲ್ಲ ಗಂಡುಮಕ್ಕಳಿಗೆ ಹೋಗಿ, ಮಗಳ ಪಾಲಿಗೆ ಬಂದದ್ದು ಆ ಪೀಪಾಯಿಯೊಂದೇ. ಊರು ನಕ್ಕಿತ್ತು, ಕೆಲವರು ಹಲ್ಲು ಕಳೆದುಕೊಳ್ಳುವ ತನಕ. ಆದರೆ ಪೀಪಾಯಿ ಎಷ್ಟು ದೊಡ್ಡದೆಂದರೆ, ಯುದ್ಧಕಾಲದಲ್ಲಿ ಒಂದು ಪಲ್ಟನ್ನು ಅದರೊಳಗೆ ಇಸ್ಪೀಟು ಆಡಿತ್ತಂತೆ. ಅದನ್ನು ಅಲುಗಿಸುವ ಎತ್ತುಗಳು ಹುಟ್ಟಿರಲಿಲ್ಲ. ಹೀಗಾಗಿ ಪ್ರತಿ ಅಕ್ಟೋಬರಿನಲ್ಲಿ ಹಂಡೆಯೂ ಮುಚ್ಚಳವೂ ಅವಳ ಅಂಗಳಕ್ಕೇ ಬರಬೇಕು, ಬಚ್ಚಲ ಕಿಟಕಿಯ ಮುಂದೆಯೇ ಭಟ್ಟಿ ಹೂಡಬೇಕು.

ರಾದೋಶ್ ಮತ್ತು ವಿತೋಮಿರ್ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಹೊಡೆದಾಟ ಮಾತ್ರ ಬಿಟ್ಟಿರಲಿಲ್ಲ. ವಿತೋಮಿರನ ಎಡಗಿವಿಯ ಅರ್ಧ ಭಾಗ ರಾದೋಶನ ಹೊಟ್ಟೆಗೆ ಹೋಗಿತ್ತು. ರಾದೋಶನ ಮೂಗು ವಿತೋಮಿರನ ಮುಷ್ಟಿಯ ಅಚ್ಚಿನಂತೆ ತಗ್ಗಾಗಿತ್ತು, ಮಳೆ ಬಂದರೆ ಅದರಲ್ಲಿ ನೀರು ನಿಲ್ಲುತ್ತಿತ್ತು. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಸ್ತೋಯಾಂಕಾಳಿಗೆ ಹೇಳುತ್ತಿದ್ದರು.

"ಅಕ್ಕಾ, ಬೆಂಕಿ ಜಾಸ್ತಿಯಾಯ್ತು ಅಂತ ಆ ಎತ್ತಿಗೆ ಹೇಳು."

"ತಂಗೀ, ಹಬೆ ಸೋರದ ಹಾಗೆ ಮುಚ್ಚಳದ ಸುತ್ತ ಹಿಟ್ಟು ಮೆತ್ತೋಕೂ ಬರದಿದ್ರೆ ಕೈ ಕಡಿದು ನಾಯಿಗೆ ಹಾಕು ಅಂತ ಆ ಮೊಂಡಗಿವಿಗೆ ಹೇಳು."

ಭಟ್ಟಿ ಹೊತ್ತಿತು. ಬೆಟ್ಟದ ನೀರು ಪೀಪಾಯಿಯ ತಳದಿಂದ ಒಳಗೆ ಬಂದು, ಕೊಳವೆಯ ಬಿಸಿ ಹೀರಿ, ಮೇಲಿನ ಬಾಯಿಂದ ಹೊರಬಿದ್ದು ಚರಂಡಿಗೆ ಹರಿಯುತ್ತಿತ್ತು. ಐವತ್ತು ವರ್ಷದಿಂದ ಹಾಗೆಯೇ ಹರಿದಿತ್ತು, ಯಾರೂ ಅದರ ಕಡೆ ನೋಡಿರಲಿಲ್ಲ. ಆ ಮಧ್ಯಾಹ್ನ ಸ್ತೋಯಾಂಕಾಳ ಹೆಬ್ಬಾತೊಂದು ಚರಂಡಿಗೆ ಇಳಿಯಿತು. ಒಂದೇ ಕೂಗು. ಅವಳು ಕುತ್ತಿಗೆ ಹಿಡಿದು ಮೇಲೆತ್ತಿದಾಗ ಪುಕ್ಕವೆಲ್ಲ ಚರಂಡಿಯಲ್ಲೇ ಉಳಿಯಿತು. ಹಕ್ಕಿ ಅರ್ಧ ಬೆಂದಿತ್ತು, ಉಪ್ಪು ಒಂದೇ ಕಡಿಮೆ.

ಸ್ತೋಯಾಂಕಾ ಹೆಬ್ಬಾತನ್ನು ನೋಡಿದಳು. ಚರಂಡಿಯನ್ನು ನೋಡಿದಳು. ತಲೆ ತಿರುಗಿಸಿ ಬಚ್ಚಲಿನ ಕಿಟಕಿಯನ್ನು ನೋಡಿದಳು.

ಸಂಜೆಯೊಳಗೆ ಪೀಪಾಯಿಯ ಮೇಲಿನ ಬಾಯಿಗೆ ಒಂದು ಕಪ್ಪು ಪೈಪು ಸಿಕ್ಕಿಸಿ, ಅದಕ್ಕೆ ಹಳೆಯ ಕಂಬಳಿ ಸುತ್ತಿ, ಕಿಟಕಿಯಿಂದ ತೊಟ್ಟಿಗೆ ಬಿಟ್ಟಿದ್ದಳು. ತೊಟ್ಟಿ ಅಂಚಿನ ತನಕ ತುಂಬಿತು. ತಿಯಾನಾ ಅದರಲ್ಲಿ ಕುತ್ತಿಗೆವರೆಗೆ ಮುಳುಗಿ ಎರಡು ಗಂಟೆ ಹಾಡಿದಳು. ಒಳಗಿನ ಹಬೆಗೆ ಗೋಡೆಯ ಸುಣ್ಣ ಉದುರಿತು, ಊರ ನಾಯಿಗಳೆಲ್ಲ ಕಿಟಕಿಯ ಕೆಳಗೆ ಬಂದು ಬೆಚ್ಚಗೆ ಮಲಗಿದವು.

"ಬಾಯ್ಲರು ಮುಟ್ಟಿಲ್ಲ. ಒಂದು ಕಡ್ಡಿ ಸೌದೆ ಜಾಸ್ತಿ ಉರಿಸಿಲ್ಲ," ಎಂದಳು ಸ್ತೋಯಾಂಕಾ ಬಾಗಿಲಿನ ಬಿರುಕಿನಿಂದ.

"ನೀರು ಚೆನ್ನಾಗಿದೆ ಅತ್ತೆ. ಶನಿವಾರ ಅಮ್ಮ ನೋಡ್ಲಿ, ಆಮೇಲೆ ಮಾತು."

ಸ್ತೋಯಾಂಕಾ ಸ್ವಿಚ್ಚಿನ ಮೇಲೆ ಅಡ್ಡಡ್ಡ ಅಂಟುಪಟ್ಟಿ ಹಚ್ಚಿ ಅದರ ಬಾಯಿ ಮುಚ್ಚಿದಳು. ಗಂಡ ಸತ್ತ ಮೇಲೆ ಮೊದಲ ಬಾರಿಗೆ ಗಡಿಯಾರಕ್ಕೆ ಬೆನ್ನು ಹಾಕಿ ಕೂತು ಊಟ ಮಾಡಿದಳು. ಊಟಕ್ಕೆ ಹೆಬ್ಬಾತು.

ಗುರುವಾರದ ಹೊತ್ತಿಗೆ ಸುದ್ದಿ ಅಣ್ಣತಮ್ಮಂದಿರ ತಲೆಗೂ ಹತ್ತಿತು.

"ಬೆಂಕಿ ನನ್ನ ಹಂಡೆ ಕೆಳಗೆ ಉರಿಯೋದು," ಎಂದ ರಾದೋಶ್. "ಬಿಸಿ ನಂದು. ಮೊದಲು ನಾನು ಮೀಯ್ಬೇಕು."

"ಅಕ್ಕಾ, ಅವನಿಗೆ ಹೇಳು. ಬಿಸಿ ಅವನ ಹಂಡೇಲಿ ಕೂತಿರೋ ತನಕ ಅವಂದು. ನನ್ನ ಕೊಳವೆಗೆ ಬಂತು ಅಂದ್ರೆ ನಂದು."

"ನೀರು ಯಾರದ್ರೋ?" ಎಂದಳು ಸ್ತೋಯಾಂಕಾ.

"ನೀರು ದೇವ್ರದ್ದು," ಎಂದರು ಇಬ್ಬರೂ ಒಟ್ಟಿಗೆ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಒಂದೇ ಮಾತಾಡಿದ್ದಕ್ಕೆ ಇಬ್ಬರಿಗೂ ಎಷ್ಟು ಅವಮಾನವಾಯಿತೆಂದರೆ, ರಾದೋಶ್ ಸೌದೆಯ ಬೊಡ್ಡೆ ಎತ್ತಿದ, ವಿತೋಮಿರ್ ಬೆಂಕಿ ಕೆದಕುವ ಕಬ್ಬಿಣ ಹಿಡಿದ.

ಬೊಡ್ಡೆ ವಿತೋಮಿರನ ಪಕ್ಕೆಗೆ ಬಿತ್ತು. ಎರಡು ಎಲುಬು ಮುರಿದ ಸದ್ದು ಒಣಗಿದ ಕಡ್ಡಿ ಮುರಿದ ಹಾಗೆ ಕೇಳಿಸಿತು. ಕಬ್ಬಿಣ ದವಡೆಗೆ ಬಿತ್ತು; ರಾದೋಶನ ಮೂರು ಹಲ್ಲು ಅಂಗಳಕ್ಕೆ ಉದುರಿದವು, ಒಂದನ್ನು ಕೋಳಿ ಕಾಳೆಂದು ನುಂಗಿತು. ಆಮೇಲೆ ಆಯುಧ ಬಿಸಾಡಿ ಕೈಕೈ ಮಿಲಾಯಿಸಿದರು. ಕೆಸರು, ನೆತ್ತರು, ಪ್ಲಮ್ ಸಿಪ್ಪೆ ಎಲ್ಲ ಸೇರಿ ಒಂದೇ ಬಣ್ಣವಾಯಿತು. ರಾದೋಶ್ ತಮ್ಮನ ಉಳಿದ ಕಿವಿಗೆ ಬಾಯಿ ಹಾಕುವಷ್ಟರಲ್ಲಿ ಸ್ತೋಯಾಂಕಾ ಇಬ್ಬರ ಜುಟ್ಟೂ ಹಿಡಿದಳು. ಎರಡು ತಲೆಗಳನ್ನು ಒಂದಕ್ಕೊಂದು ಕುಟ್ಟಿದ ಸದ್ದಿಗೆ ಚರ್ಚಿನ ಗಂಟೆ ಬಾರಿಸಿತೆಂದು ತಿಳಿದು ಇಬ್ಬರು ಮುದುಕಿಯರು ಪ್ರಾರ್ಥನೆಗೆ ಹೊರಟರು.

"ಶುಕ್ರವಾರ ಇಬ್ಬರೂ ಮೀಯಿರಿ. ಬೇಕಾದ್ರೆ ಒಟ್ಟಿಗೆ ಮುಳುಗಿ ಸಾಯಿರಿ," ಎಂದಳು. "ಶನಿವಾರ ನಮ್ಮ ಬೀಗಿತ್ತಿ ಬರ್ತಾಳೆ. ಅವಳು ಬಸ್ ಹತ್ತೋ ತನಕ ಈ ಅಂಗಳದಲ್ಲಿ ಯಾರಾದ್ರೂ ಕೈ ಎತ್ತಿದ್ರೆ ಆ ಕೈ ಮನೆಗೆ ಹೋಗಲ್ಲ. ಪೀಪಾಯಿ ಮುಟ್ಟಿ ಆಣೆ ಮಾಡಿ."

ಇಬ್ಬರೂ ಪೀಪಾಯಿ ಮುಟ್ಟಿದರು, ಸಾಧ್ಯವಾದಷ್ಟು ದೂರ ದೂರ ನಿಂತು.

ಶನಿವಾರ ಹನ್ನೆರಡರ ಬಸ್ಸಿನಿಂದ ವಿದೋಸಾವಾ ಇಳಿದಳು. ತಿಯಾನಾಳ ಅಮ್ಮ ಪುರಸಭೆಯ ಕಚೇರಿಯಲ್ಲಿ ಮೊಹರು ಒತ್ತುವವಳು. ಮೂವತ್ತು ವರ್ಷ ಮೊಹರು ಒತ್ತಿದ ತೋಳು ಕಂಬದಂತಿತ್ತು. ಅವಳು ಇಳಿದ ಮೇಲೆ ಬಸ್ಸು ಒಂದು ಗೇಣು ಮೇಲೆದ್ದಿತು. ಮಗಳ ಚೀಲ ಆಗಲೇ ಕಟ್ಟಿ ಬಾಗಿಲಲ್ಲಿತ್ತು. ವಿದೋಸಾವಾ ಅದನ್ನೂ ನೋಡಿದಳು, ಬೀಗಿತ್ತಿಯ ಹುಬ್ಬಿನ ಗಾಯವನ್ನೂ ನೋಡಿದಳು.

"ನೀರು ಎಲ್ಲಿ?"

"ಒಳಗೆ, ಬೀಗಿತ್ತೀ. ಮೊದಲು ಕಾಫಿ ಕುಡಿ."

"ಕಾಫಿ ನಮ್ಮನೇಲೂ ಬಿಸಿಯಾಗೇ ಇರುತ್ತೆ. ನೀರು ತೋರ್ಸು. ನೋಡಿದ್ರೆ ಸಾಲದು, ನಾನೇ ಇಳೀತೀನಿ."

ದುರದೃಷ್ಟಕ್ಕೆ ಹಂಡೆಗೆ ಹೊಸ ಹುಳಿ ತುಂಬಿ ಹೆಚ್ಚು ಹೊತ್ತಾಗಿರಲಿಲ್ಲ. ಪೈಪಿನಿಂದ ಬರುತ್ತಿದ್ದದ್ದು ಉಗುರುಬೆಚ್ಚನೆಯ ನೀರು, ಅದೂ ಸೊಂಟದವರೆಗೆ. ವಿದೋಸಾವಾ ಕಾಲಿನ ಹೆಬ್ಬೆರಳು ಅದ್ದಿ ತೆಗೆದಳು.

"ಇದು ಬಿಸಿನೀರಾ? ಇದರಲ್ಲಿ ನಮ್ಮೂರಲ್ಲಿ ಬೀರು ತಂಪು ಮಾಡ್ತಾರೆ. ತಿಯಾನಾ, ಮಗುಗೆ ಕೋಟು ಹಾಕು."

ಸ್ತೋಯಾಂಕಾ ಬಿಂದಿಗೆ ಎತ್ತಿಕೊಂಡಳು. ಅಂಗಳಕ್ಕೆ ಹಾರಿ, "ರಾದೋಶ್, ಬೆಂಕಿ ಏರ್ಸು," ಎಂದಳು. ಪೀಪಾಯಿಯ ತಳಕ್ಕೆ ಬಗ್ಗಿ ತಣ್ಣೀರಿನ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. ಒಳಗೆ ಬರುವ ನೀರು ದಾರದಷ್ಟಾಯಿತು. ಹೊಸ ತಣ್ಣೀರು ಸೇರದಿದ್ದರೆ ಪೀಪಾಯಿಯ ನೀರು ಬೇಗ ಕಾಯುತ್ತದೆ, ತೊಟ್ಟಿಗೆ ಬೇಕಾದ್ದನ್ನು ಮೇಲಿಂದ ಬಿಂದಿಗೆಯಲ್ಲಿ ಮೊಗೆದರಾಯಿತು. ಲೆಕ್ಕ ಸರಿಯಾಗಿಯೇ ಇತ್ತು.

ಕೊಳವೆಯ ತುದಿಯಲ್ಲಿ ಬಕೆಟ್ಟು ಇಟ್ಟುಕೊಂಡು ಮೊದಲ ಧಾರೆಯ ರುಚಿ ನೋಡುತ್ತಿದ್ದ ವಿತೋಮಿರ್ ತಲೆ ಎತ್ತಿದ. ಬೆಳಗಿನಿಂದ ಅವನು ನೋಡಿದ್ದ ರುಚಿಗೆ ಬೇರೆಯವರಾಗಿದ್ದರೆ ಮೂರು ದಿನ ಏಳುತ್ತಿರಲಿಲ್ಲ. "ಅಕ್ಕಾ, ತಣ್ಣೀರು ಕಮ್ಮಿ ಮಾಡ್ಬೇಡ. ಕೊಳವೆ ತಣ್ಣಗಿಲ್ಲ ಅಂದ್ರೆ ಹಬೆ ಹಬೆಯಾಗೇ ಬರುತ್ತೆ. ಹೊತ್ಕೊಳ್ಳುತ್ತೆ."

"ಹತ್ತು ನಿಮಿಷ. ನನಗೇ ಗಡಿಯಾರ ಹೇಳ್ಕೊಡ್ತೀಯಾ?"

ಪೀಪಾಯಿ ಕಾಯಿತು. ಅವಳು ಬಿಂದಿಗೆ ಬಿಂದಿಗೆ ಮೊಗೆದು ಕಿಟಕಿಯಿಂದ ಸುರಿದಳು. ತೊಟ್ಟಿ ತುಂಬಿತು, ಹಬೆ ಎದ್ದಿತು. ವಿದೋಸಾವಾ ಇಳಿದು ಕೂತು, ಇಂಚಿಂಚಾಗಿ ಕುತ್ತಿಗೆವರೆಗೆ ಮುಳುಗಿ, ಮೂವತ್ತು ವರ್ಷದ ಕಚೇರಿಯ ಸುಸ್ತನ್ನೆಲ್ಲ ಒಂದೇ ಉಸಿರಿನಲ್ಲಿ ಹೊರಗೆ ಬಿಟ್ಟಳು.

"ಬೀಗಿತ್ತೀ," ಎಂದಳು ಕಣ್ಣು ಮುಚ್ಚಿ, "ನನ್ನ ಮಾತು ವಾಪಸ್ ತಗೊಂಡೆ. ಇದು ನೀರಲ್ಲ, ಸ್ವರ್ಗ. ನನ್ನ ಬೆನ್ನು ನೋವು ಎಲ್ಲಿ ಹೋಯ್ತು ಹುಡುಕು."

"ಕರೆಂಟಿಲ್ಲ, ಸೌದೆ ಇಲ್ಲ. ಸುಮ್ನೆ ಚರಂಡಿಗೆ ಹೋಗ್ತಿದ್ದ ಬಿಸಿ ಇದು," ಎಂದಳು ಸ್ತೋಯಾಂಕಾ ತೊಟ್ಟಿಯ ಅಂಚಿನಲ್ಲಿ ಕೂತು. "ನನ್ನ ತಲೆಗೇ ಹೊಳೆದದ್ದು. ಹೆಬ್ಬಾತು ಬರೀ ನೆಪ."

ತಿಯಾನಾ ನಕ್ಕಳು. ನೆದಾ ಅಜ್ಜಿಯ ತೊಡೆಯೇರಿ ಮೂಗು ಹಿಡಿದಳು. ಸ್ತೋಯಾಂಕಾ ಹೆಬ್ಬಾತಿನ ಕಥೆಯನ್ನು ಮೊದಲಿಂದ ಹೇಳಿದಳು, ಎರಡನೆಯ ಸಲ ಹೇಳಿದಳು. ಎರಡನೆಯ ಸಲಕ್ಕೆ ಹೆಬ್ಬಾತುಗಳು ಐದಾಗಿದ್ದವು. ಗಂಡ ಸತ್ತಂದಿನಿಂದ ಇಪ್ಪತ್ತು ನಿಮಿಷಕ್ಕೆ ಒಂದು ಕ್ಷಣ ಹೆಚ್ಚು ಬಿಡದ ಹೆಂಗಸು ಅವತ್ತು ಹೊಗಳಿಕೆ ಕೇಳುತ್ತ ಕೂತು ಹತ್ತು ನಿಮಿಷವನ್ನು ಮರೆತಳು. ಗಡಿಯಾರ ಗೋಡೆಯಲ್ಲೇ ಇತ್ತು. ಅರ್ಧ ಗಂಟೆ ದಾಟಿತ್ತು.

ಹೊರಗೆ ಕೊಳವೆಯ ತುದಿಯ ಧಾರೆ ಸಣ್ಣಗಾಗಿ, ತೊಟ್ಟಿಕ್ಕಿ, ನಿಂತುಬಿಟ್ಟಿತ್ತು. ಹಬೆ ನೀರಾಗಿ ಇಳಿಯುವ ಬದಲು ಹಾಗೆಯೇ ಬುಸುಗುಟ್ಟುತ್ತ ಅಂಗಳಕ್ಕೆ ನುಗ್ಗುತ್ತಿತ್ತು. ಕಣ್ಣಿಗೆ ಕಾಣದು, ಮೂಗಿಗೆ ಮಾತ್ರ ಸಿಗುವುದು. ಮುರಿದ ಮೂಗಿನ ರಾದೋಶನಿಗೆ ಅದೂ ಸಿಗಲಿಲ್ಲ. ಅವನಿಗೆ ಕಂಡದ್ದು ಅರ್ಧ ಬಕೆಟ್ಟು, ಅದರ ಪಕ್ಕ ತೂರಾಡುತ್ತಿದ್ದ ತಮ್ಮ.

"ಧಾರೆ ಎಲ್ಲಿ ಹೋಯ್ತೋ ಕಳ್ಳ?" ಹನ್ನೊಂದು ವರ್ಷದ ಮೇಲೆ ಅಣ್ಣ ತಮ್ಮನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ಅರ್ಧ ಬಕೆಟ್ ಕುಡಿದ್ಯಾ?"

"ನಿನ್ನ ಹಂಡೆಗೆ ದೃಷ್ಟಿ ತಾಗಿದೆ, ನನ್ನ ಬಾಯಿ ನೋಡ್ತೀಯಾ?"

ಪೀಪಾಯಿ ಮುಟ್ಟಿ ಮಾಡಿದ ಆಣೆ ಅಲ್ಲಿಗೆ ಮುಗಿಯಿತು. ರಾದೋಶ್ ತಮ್ಮನ ಗಂಟಲು ಹಿಡಿದು ಬಕೆಟ್ಟಿನ ಮೇಲೆ ಕೆಡವಿದ. ಸಾರಾಯಿಯೆಲ್ಲ ವಿತೋಮಿರನ ಉಣ್ಣೆಯ ಕೋಟಿಗೆ ಸುರಿಯಿತು. ವಿತೋಮಿರ್ ಕೆಳಗಿನಿಂದಲೇ ಒದ್ದ. ಒದೆತ ಒಲೆಯ ಬಾಯಿಗೆ ತಾಗಿ, ಉರಿಯುವ ಕೊಳ್ಳಿಯೊಂದು ಚಿಮ್ಮಿತು.

ಗಾಳಿಯೇ ಹೊತ್ತಿಕೊಂಡಿತು. ನೀಲಿ ಬೆಂಕಿ ಅಂಗಳದ ಈ ತುದಿಯಿಂದ ಆ ತುದಿಗೆ ಒಂದೇ ಹೆಜ್ಜೆಯಲ್ಲಿ ದಾಟಿತು. ಧಡ್ ಎಂಬ ಸದ್ದಿಗೆ ಬೆಟ್ಟದಾಚೆಯ ಊರಿನಲ್ಲಿ ಮಲಗಿದ್ದ ರೋಗಿಯೊಬ್ಬ ಎದ್ದು ಗುಣವಾದ. ವಿತೋಮಿರನ ಕೋಟು, ಕೂದಲು, ಗಡ್ಡ ಎಲ್ಲ ಒಟ್ಟಿಗೆ ಉರಿಯತೊಡಗಿದವು.

ಇಲ್ಲಿಂದ ಮುಂದಿನದಕ್ಕೆ ನಾನು ಒಂದು ಹನಿಯೂ ಬಣ್ಣ ಹಚ್ಚುವುದಿಲ್ಲ, ಹಚ್ಚುವ ಅಗತ್ಯವಿಲ್ಲ. ಗಂಟಲು ಹಿಸುಕುತ್ತಿದ್ದ ರಾದೋಶ್ ಮೊದಲು ಹಿಂದೆ ಬಿದ್ದ. ಆಮೇಲೆ ತಮ್ಮ ಕೂಗಿದ್ದು ಕೇಳಿಸಿತು. ಅದು ಮಾತಲ್ಲ, ಬೈಗುಳವಲ್ಲ, ಸಣ್ಣವನಿದ್ದಾಗ ಬಾವಿಗೆ ಬಿದ್ದು ಕೂಗಿದ್ದನಲ್ಲ, ಅದೇ ಕೂಗು. ರಾದೋಶ್ ಎದ್ದು, ಹಬೆ ಉಗುಳುತ್ತಿದ್ದ ತನ್ನ ತಾಮ್ರದ ಹಂಡೆಗೆ ಹೆಗಲು ಕೊಟ್ಟು ಒಲೆಯಿಂದ ಉರುಳಿಸಿದ. ಹಂಡೆ ಕಲ್ಲಿಗೆ ಬಿದ್ದು ಸೀಳಿತು, ಮುಚ್ಚಳ ಚಪ್ಪಟೆಯಾಯಿತು, ಕುದಿಯುವ ಹುಳಿ ಅವನ ಎರಡೂ ಪಾದದ ಮೇಲೆ ಹರಿಯಿತು.

ಸ್ತೋಯಾಂಕಾ ಬಾಗಿಲು ದಾಟಿ ಬಂದವಳೇ ತಮ್ಮನ ಮೈಮೇಲಿನ ಬೆಂಕಿಗೆ ಅಂಗೈಯಿಂದ ಬಾರಿಸತೊಡಗಿದಳು. ಗೂಳಿಯನ್ನೇ ಬಗ್ಗಿಸಿದ ಕೈ ಅದು. ಬೆಂಕಿ ಬಗ್ಗಲಿಲ್ಲ. ಎಡ, ಬಲ, ಎಡ, ಬಲ. ಚರ್ಮ ಸುಲಿದು ಕೋಟಿಗೆ ಅಂಟಿತು, ಅವಳು ನಿಲ್ಲಿಸಲಿಲ್ಲ. ವಿತೋಮಿರ್ ಅವಳ ಕೈಯಿಂದ ತಪ್ಪಿಸಿಕೊಂಡು, ಕುರುಡನಂತೆ ಓಡಿ, ಬಚ್ಚಲಿನ ಕಿಟಕಿಗೆ ಬಂದು ಅಪ್ಪಳಿಸಿದ.

ಒಳಗಿದ್ದ ತಿಯಾನಾ ಮಗುವನ್ನು ಅತ್ತಿಟ್ಟು ಎರಡೂ ಕೈ ಹೊರಗೆ ಚಾಚಿದಳು. ಉರಿಯುತ್ತಿದ್ದ ವಿತೋಮಿರನನ್ನು ಕೊರಳಪಟ್ಟಿ ಹಿಡಿದು, ಮೂಟೆ ಎಳೆದ ಹಾಗೆ ಕಿಟಕಿಯಿಂದ ಒಳಕ್ಕೆಳೆದು, ತಲೆಕೆಳಗಾಗಿ ತೊಟ್ಟಿಗೆ ಅದ್ದಿದಳು.

ತೊಟ್ಟಿಯಲ್ಲಿ ವಿದೋಸಾವಾ ಕುತ್ತಿಗೆವರೆಗೆ ಇದ್ದಳು. ಮೊಹರು ಒತ್ತುವ ಕೈಯಿಂದ ಅವನ ಬೆನ್ನಿಗೆ ಬ್ರಷ್ಷಿನಲ್ಲಿ ಎರಡು ಬಿಗಿದ ಮೇಲೆಯೇ ಅವಳಿಗೆ ವಿಷಯ ಅರ್ಥವಾದದ್ದು. ಆಮೇಲೆ ಅದೇ ಕೈಯಿಂದ ಅವನ ತಲೆಯನ್ನು ನೀರಿನೊಳಗೆ ಒತ್ತಿ ಹಿಡಿದಳು, ಬೆಂಕಿ ಸುಯ್ಯೆಂದು ಸಾಯುವ ತನಕ. ಇನ್ನೂ ಸ್ವಲ್ಪ ಹೊತ್ತು, ಖಾತ್ರಿಗೆ.

ಹೊರಗೆ ಬೆಂಕಿ ಸೌದೆಯ ರಾಶಿಗೆ ನಾಲಿಗೆ ಚಾಚಿತ್ತು, ಅದರ ಪಕ್ಕವೇ ಮನೆಯ ಮರದ ಚಾವಡಿ. ಸ್ತೋಯಾಂಕಾ ಕೊಡಲಿ ಹುಡುಕಿದಳು. ಸುಟ್ಟ ಅಂಗೈಯಲ್ಲಿ ಹಿಡಿ ಜಾರುತ್ತಿತ್ತು, ನೆತ್ತರಿನಿಂದಲೇ ಅಂಟಿಸಿಕೊಂಡು ಎತ್ತಿದಳು. ಅಪ್ಪ ಬಿಟ್ಟುಹೋದ ಒಂದೇ ಆಸ್ತಿ ಎದುರಿಗೆ ನಿಂತಿತ್ತು. ಮೊದಲ ಏಟಿಗೆ ಕಬ್ಬಿಣದ ಬಳೆ ಹರಿಯಿತು. ಎರಡನೆಯದಕ್ಕೆ ಹಲಗೆ ಕುಸಿಯಿತು. ಮೂರನೆಯದಕ್ಕೆ ಪೀಪಾಯಿ ಬಾಯಿ ಬಿಟ್ಟು, ಹೊಟ್ಟೆಯಲ್ಲಿದ್ದ ನೀರನ್ನೆಲ್ಲ ಅಂಗಳಕ್ಕೆ ಕಾರಿತು. ಆ ನೀರಿನಲ್ಲಿ ಬೆಂಕಿ, ಸೌದೆ, ಎರಡು ನಾಯಿ, ರಾದೋಶ್ ಎಲ್ಲ ಒಟ್ಟಿಗೆ ಬೇಲಿಯವರೆಗೆ ತೇಲಿ ಹೋದರು.

ಎರಡು ಗಂಟೆಯ ಬಸ್ಸು ಆ ದಿನ ಆಸ್ಪತ್ರೆಯ ಗಾಡಿಯಾಯಿತು. ವಿತೋಮಿರನನ್ನು ಹಿಂದಿನ ಸೀಟಿನ ಮೇಲೆ ಬೋರಲು ಮಲಗಿಸಿದರು. ಬೆನ್ನಿನ ಚರ್ಮ ಇರಲಿಲ್ಲ, ಹುಬ್ಬು ಇರಲಿಲ್ಲ, ಕಣ್ಣು ಇತ್ತು, ಉಸಿರು ಇತ್ತು. ಪಾದ ಬೆಂದ ರಾದೋಶ್ ಮೊಣಕಾಲಿನ ಮೇಲೆ ನಡೆದುಬಂದು ಅವನ ತಲೆಯ ಹತ್ತಿರ ಕೂತ.

"ಮುಚ್ಚಳ... ಹೋಯ್ತಾ?" ಎಂದ ವಿತೋಮಿರ್.

"ಚಪಾತಿಯಾಗಿದೆ. ಸುಮ್ನೆ ಮಲಕ್ಕೋ ಮೊಂಡಗಿವಿ. ಸತ್ರೆ ಕೊಂದುಬಿಡ್ತೀನಿ."

ವಿದೋಸಾವಾ ಮೇಜಿನ ಬಟ್ಟೆ ಸುತ್ತಿಕೊಂಡು, ಒದ್ದೆ ಕೂದಲಿನಲ್ಲಿ, ರೋಗಿಯ ಕಾಲು ಹಿಡಿದು ಕೂತಿದ್ದಳು. ಮಿಲೋಯೆ ಹಾರ್ನು ಒತ್ತಿದ. ತಿಯಾನಾ ಒಂದು ತೋಳಿನಲ್ಲಿ ಮಗು, ಇನ್ನೊಂದರಲ್ಲಿ ಚೀಲ ಹಿಡಿದು ಬಸ್ಸಿನ ಮೆಟ್ಟಿಲ ಹತ್ತಿರ ನಿಂತಿದ್ದಳು. ಅವಳ ಮುಂಗೈಯೂ ಕೆಂಪಾಗಿ ಊದಿತ್ತು.

ಆಸ್ಪತ್ರೆಗೆ ಹೋಗಲು ಒಪ್ಪದೆ ಊರ ನರ್ಸಮ್ಮನ ಕೈಯಲ್ಲೇ ಪಟ್ಟಿ ಕಟ್ಟಿಸಿಕೊಂಡಿದ್ದ ಸ್ತೋಯಾಂಕಾ ಗೇಟಿಗೆ ಬಂದಳು. ಎರಡು ಕೈಯೂ ಮೊಣಕೈವರೆಗೆ ಬಿಳಿ ಗಂಟು. ಮೈಯೆಲ್ಲ ಮಸಿ, ನೆತ್ತರು, ಹುಳಿ. ಹಿಂದೆ ಅಂಗಳದಲ್ಲಿ ಸೀಳಿದ ಹಂಡೆ, ಹಲಗೆ ಹಲಗೆಯಾದ ಪೀಪಾಯಿ. ಇರು ಎನ್ನುವುದು ಅವಳ ಬಾಯಿಗೆ ಬರುವ ಮಾತಾಗಿರಲಿಲ್ಲ. ಅವಳು ಬಹಳ ಹೊತ್ತು ಸೊಸೆಯ ಕೆಂಪಾದ ಕೈಯನ್ನು ನೋಡಿದಳು.

"ಹುಡುಗೀ," ಎಂದಳು ಕೊನೆಗೆ. "ನನ್ನ ಕೈ ಆಗಲ್ಲ. ಆ ಸ್ವಿಚ್ಚಿನ ಮೇಲಿರೋ ಅಂಟು ಕಿತ್ತು ಅದನ್ನ ಹಾಕು."

"ಎಷ್ಟು ನಿಮಿಷ?"

ಸ್ತೋಯಾಂಕಾ ಸಮಾಧಿಗಳಿದ್ದ ದಿಬ್ಬದ ಕಡೆ ಒಮ್ಮೆ ತಿರುಗಿದಳು. "ನಿನಗೆ ಗೊತ್ತಾಗಲ್ವಾ? ತೊಟ್ಟಿ ತುಂಬೋ ಅಷ್ಟು."

ತಿಯಾನಾ ಬಸ್ಸಿನೊಳಗಿದ್ದ ಅಮ್ಮನನ್ನು ನೋಡಿದಳು. ವಿದೋಸಾವಾ ಕೈ ಬೀಸಿ, "ನಿಮ್ಮತ್ತೇನ ಮೀಯಿಸೋರು ಯಾರೇ? ಬೇಗ ಹೋಗು, ನನ್ನ ಬಟ್ಟೆ ಸೋಮವಾರ ಕಳ್ಸು," ಎಂದಳು. ಚೀಲ ನೆಲಕ್ಕೆ ಇಳಿಯಿತು. ಬಸ್ಸು ಹೊರಟಿತು.

ಕೆಂಪು ದೀಪ ಎರಡು ಗಂಟೆ ಉರಿಯಿತು. ಸುಣ್ಣ ಕಟ್ಟಿದ ಆ ಮುದಿ ಬಾಯ್ಲರು ನರಳಿತು, ಗೊರಗುಟ್ಟಿತು, ಆದರೆ ಕಾಯಿಸಿತು. ಅಷ್ಟೂ ಹೊತ್ತು ಸ್ತೋಯಾಂಕಾ ಗಡಿಯಾರದ ಕೆಳಗೆ ಕೂತು ತುಟಿ ಕಚ್ಚಿಕೊಂಡಿದ್ದಳು. ಮೊದಲ ನೀರಿನಲ್ಲಿ ನೆದಾ ಮಿಂದಳು. ಅದೇ ನೀರಿನಲ್ಲಿ ತಿಯಾನಾ ಮಿಂದಳು. ಸೊಸೆ ತೊಟ್ಟಿ ಖಾಲಿ ಮಾಡಲು ಬಗ್ಗಿದಾಗ ಅತ್ತೆ ಅಡ್ಡ ಬಂದಳು.

"ಚೆಲ್ಲಬೇಡ. ಇನ್ನೂ ಬಿಸಿ ಇದೆ. ಅದರಲ್ಲೇ ನಾನೂ ಕೂರ್ತೀನಿ."

ಅವಳು ಕುತ್ತಿಗೆವರೆಗೆ ಇಳಿದು, ಶರಣಾದ ಸೈನಿಕನ ಹಾಗೆ ಎರಡು ಬಿಳಿ ಕೈಗಳನ್ನು ಮೇಲೆತ್ತಿ ಕೂತಳು. ನೆಗ್ಗಿದ ಚೊಂಬಿನಿಂದ ತಿಯಾನಾ ಅವಳ ತಲೆಗೆ ನೀರು ಹೊಯ್ದಳು. ಮಸಿ ಹರಿಯಿತು, ಹುಬ್ಬಿನ ಗಾಯ ಉರಿಯಿತು.

"ನಾಳೆ ಮಿಲೋಯೆಗೆ ಹೇಳಿ ಅದರ ಹೊಟ್ಟೆ ಬಿಚ್ಚಿ ಸುಣ್ಣ ಕೆರೆಸೋಣ ಅತ್ತೆ. ಆಮೇಲೆ ನಲವತ್ತು ನಿಮಿಷ ಸಾಕಾಗುತ್ತೆ."

"ಮೂವತ್ತು."

"ಸೋಪು ಹಚ್ಚಿದ್ದೀನಿ, ಕಣ್ಣು ಮುಚ್ಚಿ."

ಸ್ತೋಯಾಂಕಾ ಕಣ್ಣು ಮುಚ್ಚಿದಳು. ಆಮೇಲೆ ನೊರೆಯೊಳಗಿನಿಂದಲೇ ಕೇಳಿದಳು: "ಸ್ವಿಚ್ಚು ಆರಿಸಿದ್ದೀಯಾ?"

"ಆಗಲೇ ಆರಿಸಿದ್ದೀನಿ."

"ಹೋಗಿ ನೋಡ್ಕೊಂಡು ಬಾ."

ತಿಯಾನಾ ಚೊಂಬು ಕೆಳಗಿಟ್ಟು, ಒಡೆದ ಬಾಗಿಲಿನ ಆಚೆ ಹೋಗಿ ನೋಡಿಕೊಂಡು ಬಂದಳು.